ಹಣೆಗೊಂದು ಮರೆ

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ನಾನು ಮೊದಲು ನೋಡುವುದು ನನ್ನ ಮುಖವನ್ನಲ್ಲ, ಮುಖದಲ್ಲಿ ಇರಬಾರದ್ದನ್ನು. ಕಣ್ಣ ಕೆಳಗಿನ ಕಪ್ಪು, ಮೂಗಿನ ಪಕ್ಕದಲ್ಲಿ ಎಂದೋ ಬಂದ ಮೊಡವೆ ಬಿಟ್ಟುಹೋದ ಗುರುತು, ಗದ್ದದ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದು ಆದ ಚುಕ್ಕೆ. ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ ಕ್ಷೇಮವಾಗಿವೆ ಎಂದು ಖಾತ್ರಿಯಾದ ಮೇಲೆಯೇ ಉಳಿದ ಮುಖದ ಕಡೆಗೆ ಗಮನ. ತರಗತಿಗೆ ಕಾಲಿಟ್ಟ ಮೇಷ್ಟರು ಮೊದಲು ತುಂಟರ ಬೆಂಚನ್ನೇ ನೋಡುವ ಹಾಗೆ. ಪಾಪ, ಒಳ್ಳೆಯ ಮೂಗು, ಸಾಧುವಾದ ಕಿವಿಗಳು ಇಷ್ಟು ವರ್ಷವಾದರೂ ನನ್ನಿಂದ ಒಂದು ಮೆಚ್ಚುಗೆಯ ನೋಟವನ್ನೂ ಪಡೆದಿಲ್ಲ.

ಈ ತುಂಟರನ್ನು ಮರೆಮಾಚುವುದಕ್ಕೆಂದೇ ಒಂದು ವಸ್ತು ಅಂಗಡಿಯಲ್ಲಿ ಸಿಗುತ್ತದೆ. ಅದರ ಇಂಗ್ಲಿಷ್ ಹೆಸರು ಕನ್ಸೀಲರ್. ನಮ್ಮೂರಿನ ಅಂಗಡಿಗಳಲ್ಲಿ ಆ ಹೆಸರು ಹೇಳಿದರೆ ಸೈಕಲ್ಲಿನ ಬಿಡಿಭಾಗ ಕೇಳಿದಂತೆ ನೋಡುತ್ತಾರೆ, ಆದ್ದರಿಂದ ಮನೆಯಲ್ಲಿ ನಾವು ಅದನ್ನು ಮೈಬಣ್ಣದ ಕಡ್ಡಿ ಎನ್ನುತ್ತೇವೆ. ಕಿರುಬೆರಳಿನ ಉದ್ದ, ಮೇಣದಂತೆ ಮೆತ್ತಗೆ, ತುದಿಯಲ್ಲೊಂದು ಮುಚ್ಚಳ. ಒಂದು ದಿನ ಅದನ್ನು ಶ್ರದ್ಧೆಯಿಂದ ಕಣ್ಣ ಕೆಳಗೆ ಹಚ್ಚಿಕೊಂಡು ನಮ್ಮವರಿಗೆ ಕಾಫಿ ಕೊಟ್ಟೆ. ಪತ್ರಿಕೆಯ ಹಿಂದಿನಿಂದ ಕೈ ಬಂತು, ಲೋಟ ಹೋಯಿತು. "ಸಕ್ಕರೆ ಕಮ್ಮಿ ಐತೆ" ಎಂಬ ಧ್ವನಿ ಬಂತು. ನನ್ನ ಮುಖದ ಬಗ್ಗೆ ಮಾತಿಲ್ಲ. ಕನ್ಸೀಲರ್ ಎಷ್ಟು ಚೆನ್ನಾಗಿ ಮರೆಮಾಚಿತ್ತೆಂದರೆ ನಾನೇ ಪೂರ್ತಿ ಮರೆಯಾಗಿಬಿಟ್ಟಿದ್ದೆ.

ಮರೆಮಾಚುವ ವಿದ್ಯೆಗೆ ನನಗೆ ಅಕ್ಷರಾಭ್ಯಾಸವಾದದ್ದು ಕಾನ್ವೆಂಟಿನಲ್ಲಿ. ಹಿರಿಯೂರಿನಿಂದ ನಮ್ಮಪ್ಪ ನನ್ನನ್ನು ಕರೆದೊಯ್ದು ಹಾಸ್ಟೆಲ್ಲಿಗೆ ಸೇರಿಸಿದ್ದರು. ಅಲ್ಲಿ ಪೌಡರ್, ಸ್ನೋ, ಕಾಡಿಗೆ ಎಲ್ಲಕ್ಕೂ ನಿಷೇಧ. ಆದರೆ ಮೊಡವೆಗೆ ನಿಷೇಧ ಹಾಕಲು ಸಿಸ್ಟರುಗಳಿಗೂ ಆಗಿರಲಿಲ್ಲ. ನಾವು ಹುಡುಗಿಯರು ಕರಿಹಲಗೆಯ ಕೆಳಗೆ ಉದುರಿದ ಸೀಮೆಸುಣ್ಣದ ಪುಡಿಯನ್ನು ಬೆರಳಿಗೆ ಒತ್ತಿಕೊಂಡು ಮೊಡವೆಗಳ ಮೇಲೆ ಮೆತ್ತಿಕೊಳ್ಳುತ್ತಿದ್ದೆವು. ಸುಳ್ಳು ಹೇಳಬಾರದು ಎಂದು ಹಲಗೆಯ ಮೇಲೆ ದುಂಡಗೆ ಬರೆದಿದ್ದ ಅದೇ ಸೀಮೆಸುಣ್ಣ! ನಮ್ಮ ಗೋಧಿಬಣ್ಣದ, ಎಣ್ಣೆಗೆಂಪಿನ, ಕಪ್ಪು ಮುಖಗಳ ಮೇಲೆ ಅದು ಎಷ್ಟು ಬೆಳ್ಳಗೆ ಕಾಣುತ್ತಿತ್ತೆಂದರೆ, ಒಂದು ಮೊಡವೆ ಇರುವುದು ತಿಳಿಯದವರಿಗೂ ಅದು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂಬುದು ದೂರದಿಂದಲೇ ತಿಳಿಯುತ್ತಿತ್ತು. ಅಂದೇ ನನಗೆ ಈ ಶಾಸ್ತ್ರದ ಮೊದಲ ಪಾಠವಾಯಿತು: ಮುಚ್ಚುವ ಬಣ್ಣ ಮೈಬಣ್ಣಕ್ಕೆ ಹೊಂದದಿದ್ದರೆ ಅದು ಮುಚ್ಚಳವಲ್ಲ, ಬೋರ್ಡು.

ಮರೆಮಾಚುವುದೆಂದರೆ ಮೋಸ ಎಂದು ಹುಬ್ಬು ಗಂಟಿಕ್ಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೋಡೆ ಬಿರುಕು ಬಿಟ್ಟರೆ ಸಗಣಿ ಮಣ್ಣು ಮೆತ್ತುತ್ತೇವೆ, ಹಬ್ಬಕ್ಕೆ ಸುಣ್ಣ ಬಳಿಯುತ್ತೇವೆ. ಸೀರೆ ಎಲ್ಲಿ ಸವೆದಿದೆಯೋ ಆ ಭಾಗವನ್ನೇ ಜಾಣತನದಿಂದ ನೆರಿಗೆಯೊಳಗೆ ಸೇರಿಸುತ್ತೇವೆ. ನೆಂಟರು ಬಂದರೆ ಹರಿದ ಹಾಸಿಗೆಯ ಮೇಲೆ ಹೊಸ ಜಮಖಾನ ಬೀಳುತ್ತದೆ. ಹಳೆಯ ಕವಿಗಳಂತೂ ಹೆಣ್ಣಿನ ಮುಖವನ್ನು ಚಂದ್ರನಿಗೆ ಹೋಲಿಸಿ ಹೋಲಿಸಿ ಸುಸ್ತಾದರು. ಆ ಚಂದ್ರನಿಗೋ ಊರಿಗೆಲ್ಲ ಕಾಣುವಂಥ ಕಲೆ. ಅದನ್ನು ಅವರು ಮೊಲ ಎಂದರು, ಜಿಂಕೆ ಎಂದರು. ಚಂದ್ರನ ಮುಖದಲ್ಲಿದ್ದರೆ ಮೊಲ, ನಮ್ಮ ಮುಖದಲ್ಲಿದ್ದರೆ ಕಲೆ. ಇದಾವ ನ್ಯಾಯ ಹೇಳಿ.

ನಮ್ಮತ್ತೆ ಪಾರ್ವತಮ್ಮನವರ ಕಥೆ ಹೇಳದೆ ಈ ಕಡ್ಡಿಯ ಪುರಾಣ ಪೂರ್ತಿಯಾಗುವುದಿಲ್ಲ.

ಅತ್ತೆಯ ತವರು ಹೊಳಲ್ಕೆರೆ ಬಳಿಯ ತಾಳ್ಯ. ನಾನು ಮದುವೆಯಾಗಿ ಚಿತ್ರದುರ್ಗದ ಈ ಮನೆಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಹಣೆಯ ಕುಂಕುಮ. ಹಳೆಯ ಬೆಳ್ಳಿ ರೂಪಾಯಿಯಗಲ, ಅಂಚು ತಿದ್ದಿದಂತೆ ದುಂಡಗೆ. ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಒತ್ತಿ, ಉದುರಿದ್ದನ್ನು ಸೆರಗಿನ ತುದಿಯಿಂದ ಒರೆಸುವುದನ್ನು ಅವರು ಯಾರ ಮುಂದೆಯೂ ಮಾಡುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡೇ ಮಾಡುತ್ತಿದ್ದರು. ಹೊರಗೆ ಬಂದರೆ ಬೀದಿಯವರೆಲ್ಲ ಹೊಗಳುವವರೇ. "ಮುತ್ತೈದೆ ಅಂದ್ರೆ ಹಿಂಗಿರ್ಬೇಕು ನೋಡ್ರಿ, ಹಣೆ ತುಂಬ ಕುಂಕುಮ!" ಅತ್ತೆ ನಕ್ಕು ಒಳಗೆ ಬಂದುಬಿಡುತ್ತಿದ್ದರು. ವರ್ಷ ಕಳೆದಂತೆ ಕುಂಕುಮವೂ ಬೆಳೆಯುತ್ತಿತ್ತು. ಭಕ್ತಿ ಹೆಚ್ಚುತ್ತಿದೆ ಎಂದುಕೊಂಡೆ. ಸಣ್ಣಪುಟ್ಟದ್ದನ್ನೆಲ್ಲ ಗಮನಿಸುವ ಚಾಳಿ ನನ್ನದು ಎಂದು ಜಂಬಪಡುವ ನಾನು ಅಷ್ಟಕ್ಕೇ ನಿಂತಿದ್ದೆ.

ಗಮನಿಸಿದ ಸಂಗತಿಗಳು ಇನ್ನೆರಡು ಇದ್ದವು. ಅವನ್ನೂ ಹೇಳಿಬಿಡುತ್ತೇನೆ. ಮಾವನವರದ್ದು ಶೇಂಗಾ ಮಂಡಿ. ಮನೆಗೆ ಬರುವ ಉಪ್ಪು, ಬೆಲ್ಲ, ಸೀಮೆಎಣ್ಣೆ ಪ್ರತಿಯೊಂದಕ್ಕೂ "ಇಷ್ಟು ಬೇಗ ಖಾಲಿಯಾಯ್ತಾ?" ಎಂದು ಕೇಳದೆ ಇರುವವರಲ್ಲ. ಆದರೆ ಕುಂಕುಮದ ಬಗ್ಗೆ ಮಾತ್ರ ಎಂದೂ ಕೇಳಿದವರಲ್ಲ. ವ್ಯಾಪಾರಕ್ಕೆ ಹೊಸದುರ್ಗದ ಕಡೆ ಹೋದಾಗೆಲ್ಲ ಹಾಲುರಾಮೇಶ್ವರಕ್ಕೆ ಹೋಗಿ ಕೈಮುಗಿದು, ಅಲ್ಲಿಯ ಅಂಗಡಿಯಿಂದ ಒಂದು ಪೊಟ್ಟಣ ಕುಂಕುಮ ತಂದು ದೇವರಗೂಡಿನಲ್ಲಿ ಇಟ್ಟುಬಿಡುತ್ತಿದ್ದರು. ಪೊಟ್ಟಣವೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿತ್ತು. ಇನ್ನೊಂದು, ನಡುಮನೆಯ ಕಿಟಕಿಯ ಪಕ್ಕದಲ್ಲಿದ್ದ ಕನ್ನಡಿಯನ್ನು ಅವರೇ ಒಂದು ದಿನ ಕಿತ್ತು ಒಳಕೋಣೆಯ ಮಬ್ಬು ಗೋಡೆಗೆ ಹೊಡೆದರು. "ಬಿಸಿಲಿಗೆ ಕನ್ನಡಿ ರಸ ಹೋಗ್ತೈತೆ" ಎಂದರು. ಮುಖ ನೋಡಿಕೊಳ್ಳಲು ಬೆಳಕು ಸಾಲದೆ ನಾನು ಒಳಗೊಳಗೇ ಗೊಣಗಿಕೊಂಡಿದ್ದೆ.

ಬಾಗೂರಿನಲ್ಲಿ ಅತ್ತೆಯ ತಂಗಿ ಶಾರದಮ್ಮನ ಮಗಳ ಮದುವೆ ಗೊತ್ತಾಯಿತು. ಚಿಕ್ಕತ್ತೆ ಸ್ವತಃ ಬಂದು ಕರೆದು, ಅಕ್ಕನ ಎರಡೂ ಕೈ ಹಿಡಿದುಕೊಂಡು ಹೇಳಿದರು: "ಅರಿಶಿಣ ಕುಟ್ಟೋ ಶಾಸ್ತ್ರಕ್ಕೆ ಮೊದ್ಲು ಒನಕೆ ಹಿಡಿಯಾಕೆ ನೀನೇ ಬರ್ಬೇಕಕ್ಕ. ಅವ್ವ ಹೋದ ಮ್ಯಾಲೆ ನನ್ನ ಸಾಕ್ದೋಳು ನೀನು. ನೀನು ಬರ್ದಿದ್ರೆ ಒರಳಿಗೆ ಅರಿಶಿಣನೇ ಹಾಕಲ್ಲ, ಹೇಳಿರ್ತೀನಿ."

ಅತ್ತೆ "ಆಗ್ಲಿ ಕಣೆ" ಎಂದರು. ತಂಗಿ ಬಸ್ಸು ಹತ್ತಿದ ಮರುಗಳಿಗೆಯೇ ಅವರ ಮೊಣಕಾಲು ನೋಯತೊಡಗಿತು. ಮರುದಿನ ಸೊಂಟಕ್ಕೂ ಬಂತು. ಆದರೆ ಅಟ್ಟದ ಮೇಲಿನ ಹಪ್ಪಳದ ಡಬ್ಬ ಇಳಿಸಲು ಏಣಿ ಹತ್ತುವಾಗ ಎರಡೂ ನೋವು ಎಲ್ಲಿಗೋ ಹೋಗಿದ್ದವು.

ನಿಜ ಗೊತ್ತಾದದ್ದು ಒಂದು ಮಧ್ಯಾಹ್ನ. ತಲೆಗೆ ಸ್ನಾನ ಮಾಡಿ ಟವೆಲ್ಲು ಸುತ್ತಿಕೊಂಡು ಬಚ್ಚಲಿನಿಂದ ಬಂದವರಿಗೆ ನಾನು ಹಿತ್ತಿಲ ಬಾಗಿಲಲ್ಲೇ ಎದುರಾದೆ. ಬರಿ ಹಣೆ. ಹಣೆಯ ನಡುವೆ, ಕುಂಕುಮವಿರುತ್ತಿದ್ದ ಕಡೆ, ಬಣ್ಣವಿಲ್ಲದ ಒಂದು ಬಿಳಿ ಮಚ್ಚೆ. ಕುಂಕುಮದಷ್ಟೇ ದುಂಡಗೆ, ಕುಂಕುಮಕ್ಕಿಂತ ಒಂದು ಕೂದಲೆಳೆ ಅಗಲ.

"ನೋಡಿಬಿಟ್ಟ್ಯಾ ಲೀಲಾ?" ಎಂದು ಟವೆಲ್ಲನ್ನು ಕಣ್ಣಿನವರೆಗೆ ಎಳೆದುಕೊಂಡರು.

ಒಳಗೆ ಕೂತು ಮೆಲ್ಲಗೆ ಹೇಳಿದರು. ಬೇಳೆಯಷ್ಟಿದ್ದದ್ದು ಬೆಳೆಯುತ್ತಾ ಹೋಗಿದೆ. ಡಾಕ್ಟರು ಇದು ಅಂಟುವ ರೋಗವಲ್ಲ, ಚರ್ಮದ ಬಣ್ಣ ಹೋಗಿದೆ ಅಷ್ಟೆ ಎಂದಿದ್ದಾರೆ. ಆದರೆ ಡಾಕ್ಟರು ಮದುವೆಮನೆಗೆ ಬಂದು ಎಲ್ಲರಿಗೂ ಹೇಳುತ್ತಾರೆಯೇ? "ಇಷ್ಟು ದಿನ ಕುಂಕುಮದಾಗೆ ಮುಚ್ಚಿದೆ. ಈಗ ಅದು ಕುಂಕುಮನೂ ದಾಟೈತೆ. ಇನ್ನು ಹಣೆಗೆ ತಟ್ಟೆ ಇಟ್ಕಬೇಕು ಅಷ್ಟೆ. ಶುಭದ ಒನಕೆ ಹಿಡಿಯೋ ಕೈ, ಹಣೆ ಮ್ಯಾಲೆ ಇದು. ಯಾರಾನ ಒಬ್ರು ಮಖ ತಿರುಗಿಸಿದ್ರೂ ಶಾರದಿ ಮನಸಿಗೆ ಹೆಂಗಾಗ್ತೈತೆ? ನಮ್ಮ ಮಗೀನ ಮದ್ವೇಲಿ ಅದೊಂದು ಮಾತಾಗ್ಬಾರ್ದು. ನಾನು ಹೋಗಲ್ಲ. ಕಾಲುನೋವು ಅಂದ್ಬಿಡು."

"ಮಾವನೋರಿಗೆ ಗೊತ್ತಾ?"

"ಅವರಿಗೆಲ್ಲಿ ಗೊತ್ತಾಗ್ತೈತೆ? ಅವರು ನನ್ನ ಮಖ ನೋಡಿ ಎಷ್ಟು ವರ್ಷ ಆತೋ" ಎಂದು ಆ ದುಃಖದಲ್ಲೂ ನಕ್ಕರು.

ಅತ್ತೆಯನ್ನು ಬಾಗೂರಿಗೆ ಕರೆದೊಯ್ಯಲೇಬೇಕು ಎಂದು ನಾನು ಹಟ ಹಿಡಿದದ್ದು ಆಗ. ಸೀಮೆಸುಣ್ಣದ ಕಾಲದ ನನ್ನ ಅನುಭವಕ್ಕೂ ಒಂದು ಸಾರ್ಥಕತೆ ಬೇಡವೇ?

ಅತ್ತೆಯನ್ನು ಕರೆದುಕೊಂಡು ಸಂತೆಪೇಟೆಯ ಫ್ಯಾನ್ಸಿ ಸ್ಟೋರಿಗೆ ಹೋದೆ. ಅಲ್ಲಿಯ ರಹಮಾನ್ ಸಾಬರು ಮಾತಿನಲ್ಲಿ ಸಕ್ಕರೆಯಂಥವರು. "ಬರ್ರಿ ಅಮ್ಮಾರೆ, ಕುಂತ್ಕಳ್ರಿ. ಮೈಬಣ್ಣದ ಕಡ್ಡಿನಾ? ಇದು ಬೊಂಬಾಯಿ ಮಾಲು. ಯಾರ ಮಖಕ್ಕಾದ್ರೂ ಸೈ!" ಎಂದು ತಮ್ಮದೇ ಕೈಯ ಮೇಲೆ ಗೀಟು ಎಳೆದು ತೋರಿಸಿದರು. ಅವರ ಕಪ್ಪು ಕೈಯ ಮೇಲೆ ಅದು ಗುಲಾಬಿ ಬಣ್ಣದ ರೈಲುಹಳಿಯಂತೆ ಹೊಳೆಯಿತು. ಕ್ಷಣಕಾಲ ಸಾಬರೇ ಅದನ್ನು ದಿಟ್ಟಿಸಿದರು.

"ಇದು ಲೈಟಿನ ಕೆಳಗೆ ಹಿಂಗೆ ಕಾಣ್ತೈತೆ. ಬಿಸಿಲಿಗೆ ಬಂದ್ರೆ ಬೆರೆತು ಹೋಗ್ತೈತೆ ನೋಡ್ರಿ."

ಮೂವರೂ ಬಿಸಿಲಿಗೆ ಬಂದೆವು. ಹಳಿ ಇನ್ನಷ್ಟು ಹೊಳೆಯಿತು.

"ಇದು ಮಧ್ಯಾಹ್ನದ ಬಿಸಿಲಲ್ರಾ? ಸಂಜಿ ಬಿಸಿಲಿಗೆ ನೋಡ್ಬೇಕು!" ಎಂದರು ಸಾಬರು, ಸೋಲನ್ನು ಒಪ್ಪದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ವಾರದಿಂದ ಅವರು ಮನಸಾರೆ ನಕ್ಕದ್ದು ಅದೇ ಮೊದಲು. ಗಾಜಿನ ಪೆಟ್ಟಿಗೆಯೊಳಗೆ ಪರದೇಶದ್ದೊಂದು ಇತ್ತು, ಬಂಗಾರದ ಬಣ್ಣದ ಮುಚ್ಚಳದ್ದು. ಅದರ ಬೆಲೆ ಕೇಳಿ ಅತ್ತೆ ಸೊಸೆ ಇಬ್ಬರೂ ಏಕಕಾಲಕ್ಕೆ ಸೆರಗು ಸರಿಮಾಡಿಕೊಂಡೆವು. ಅಗ್ಗದ ಕಡ್ಡಿಗಳಲ್ಲೇ ಹುಡುಕಿ, ಗುಲಾಬಿ ಕಡಿಮೆಯಿದ್ದ, ತುಸು ಕಂದು ಬಣ್ಣದ ಒಂದನ್ನು ಆರಿಸಿಕೊಂಡು ಬಂದೆವು.

ಇಂಥದ್ದನ್ನು ಕೊಳ್ಳುವ ಆಲೋಚನೆ ನಿಮಗಿದ್ದರೆ ನನ್ನದೊಂದು ಮಾತು. ಕೈಯ ಮೇಲೆ ಹಚ್ಚಿ ನೋಡಬೇಡಿ. ಕೈ ಪಾತ್ರೆ ತಿಕ್ಕಿ ಬಟ್ಟೆ ಒಗೆದು ಬೇರೆಯೇ ಬಣ್ಣಕ್ಕೆ ತಿರುಗಿರುತ್ತದೆ. ಯಾವ ಜಾಗವನ್ನು ಮುಚ್ಚಬೇಕೋ ಅದರ ಪಕ್ಕದಲ್ಲೇ ಹಚ್ಚಿ, ಬಾಗಿಲ ಬೆಳಕಿನಲ್ಲಿ ನಿಂತು ನೋಡಬೇಕು. ಬಿಳುಪು ಬರಲಿ ಎಂಬ ಆಸೆಯಿಂದ ನಮ್ಮ ಬಣ್ಣಕ್ಕಿಂತ ತೆಳುವಾದದ್ದನ್ನು ಆರಿಸಿಕೊಳ್ಳುವುದು ನಾವು ಹೆಂಗಸರು ತಪ್ಪದೆ ಮಾಡುವ ತಪ್ಪು. ಬೆಲೆ ಹೆಚ್ಚಿದ್ದರೆ ಬಣ್ಣ ಹೊಂದುತ್ತದೆ ಎಂದೂ ಇಲ್ಲ. ಈ ಕಡ್ಡಿ ಮಾಡುವವರು ಒಮ್ಮೆ ನಮ್ಮ ಜಿಲ್ಲೆಗೆ ಬಂದು ಹೊಲಗಳನ್ನು ನೋಡಿಕೊಂಡು ಹೋಗಬೇಕು. ನಮ್ಮ ತವರು ಹಿರಿಯೂರಿನ ಎರೆಭೂಮಿ ಒಂದು ಬಣ್ಣ, ಹೊಳಲ್ಕೆರೆಯ ಕೆಂಪು ಹೊಲ ಒಂದು ಬಣ್ಣ, ನಡುನಡುವೆ ಬೂದು ಮರಳು, ಸುಣ್ಣಗಲ್ಲು. ನಮ್ಮ ಮುಖಗಳೂ ಹಾಗೆಯೇ. ಅವರೋ ಗುಲಾಬಿ ಒಂದನ್ನೇ ಮೈಬಣ್ಣ ಎಂದು ನಂಬಿ ಕೂತಿದ್ದಾರೆ.

ನಾವು ತಂದದ್ದೂ ಹೊಂದಲಿಲ್ಲ. ಬಿಳಿ ಮಚ್ಚೆ ಹೋಗಿ ಬಾದಾಮಿ ಮಚ್ಚೆಯಾಯಿತು. ಆಗ ಶುರುವಾದವು ನನ್ನ ಪ್ರಯೋಗಗಳು. ಕಡ್ಡಿಯ ಚೂರನ್ನು ತಟ್ಟೆಯಲ್ಲಿ ಮೆತ್ತಗೆ ಮಾಡಿ ಕಾಫಿ ಡಿಕಾಕ್ಷನ್ ಬೆರೆಸಿದೆ. "ಹಣೆ ಮ್ಯಾಲೆ ನೊಣ ಕೂರ್ತಾವೆ ಕಣೆ" ಎಂದರು ಅತ್ತೆ. ರಾಗಿಹಿಟ್ಟು ಬೆರೆಸಿದೆ. ಬಣ್ಣವೇನೋ ಹತ್ತಿರ ಬಂತು, ಆದರೆ ಒಣಗಿದ ಮೇಲೆ ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತು. ಹುಬ್ಬೇರಿಸಿದರೆ ಹೆಂಟೆ ಉದುರುತ್ತಿತ್ತು. ಶ್ರೀಗಂಧ ಬೆರೆಸಿದಾಗ ನಮ್ಮವರು ಮನೆಗೆ ಬಂದವರು ಮೂಗೆತ್ತಿ, "ಇವತ್ತು ಯಾವ ಪೂಜೆ?" ಎಂದರು.

ಕೊನೆಗೆ ದಾರಿ ತೋರಿದ್ದು ಹೊಸಿಲು. ಅತ್ತೆ ತವರಿಗೆ ಹೋದಾಗ ತಾಳ್ಯದ ಕೆಮ್ಮಣ್ಣನ್ನು ಗಂಟು ಕಟ್ಟಿ ತಂದಿಟ್ಟುಕೊಂಡು, ಶುಕ್ರವಾರ ಶುಕ್ರವಾರ ಹೊಸಿಲಿಗೆ ಸಾರಿಸುತ್ತಿದ್ದರು. ಅವತ್ತು ಸಾರಿಸುತ್ತ ಕೂತವರ ಮುಖವೂ ಹೊಸಿಲೂ ಒಟ್ಟಿಗೆ ನನ್ನ ಕಣ್ಣಿಗೆ ಬಿದ್ದವು. ಎರಡೂ ಒಂದೇ ಬಣ್ಣ! ಆ ಮಣ್ಣನ್ನು ಹಳೆಯ ಮಲ್ಲುಪಂಚೆಯ ತುಂಡಿನಲ್ಲಿ ಸೋಸಿ ಸೋಸಿ ನುಣ್ಣಗೆ ಮಾಡಿ, ಒಂದು ಚಿಟಿಕೆಯನ್ನು ಕಡ್ಡಿಯ ಚೂರಿಗೆ ಬೆರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಕಲಸಿದೆ. ಹಚ್ಚಿ ನೋಡಿದರೆ ಎಲ್ಲಿ ಹಣೆ, ಎಲ್ಲಿ ಮಚ್ಚೆ! ಬೊಂಬಾಯಿಗೆ ಆಗದ್ದು ತಾಳ್ಯದ ಮಣ್ಣಿಗೆ ಆಗಿತ್ತು. "ನಮ್ಮವ್ವನ ಮನೆ ಮಣ್ಣು" ಎಂದು ಅತ್ತೆ ಬೆರಳ ತುದಿಯಿಂದ ಹಣೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು.

ಹಚ್ಚುವುದಕ್ಕೂ ಒಂದು ಕ್ರಮವಿದೆ. ಉಂಗುರದ ಬೆರಳಿನಿಂದ ಹಚ್ಚಬೇಕು. ಆ ಬೆರಳಿಗೆ ಜೋರು ಮಾಡಲು ಬರುವುದಿಲ್ಲ. ಉಜ್ಜಬಾರದು, ಮಗುವನ್ನು ಮಲಗಿಸುವಾಗಿನಂತೆ ತಟ್ಟಬೇಕು. ಒಮ್ಮೆಗೇ ದಪ್ಪಗೆ ಮೆತ್ತದೆ, ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ಮತ್ತೆ ತೆಳ್ಳಗೆ. ನಡುವಿಗಿಂತ ಅಂಚು ಮುಖ್ಯ. ಅಂಚು ಮೈಯಲ್ಲಿ ಕರಗಿಹೋದರೆ ನಡುವನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಮೇಲೊಂದಿಷ್ಟು ಪೌಡರು ಒತ್ತಿದರೆ ಬೆವರಿಗೂ ಜಗ್ಗುವುದಿಲ್ಲ.

ಹೊರಡುವ ದಿನ ಹೀಗೆ ಹಚ್ಚಿ ಮುಗಿಸಿ, ಅತ್ತೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿ ಕೈಗೆ ಪುಟ್ಟ ಕನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಹುಡುಗಿಯಂತೆ ದನಿ ಇಳಿಸಿ ಕೇಳಿದರು: "ಹಂಗಾರೆ ಕುಂಕುಮ ಸಣ್ಣಕ ಇಟ್ಕಳ್ಳಾ? ನಾನು ಮದ್ವೆಯಾಗಿ ಬಂದಾಗ ಕಡ್ಲೆಕಾಳಿನಷ್ಟು ಇಟ್ಕತಿದ್ದೆ. ನಂಗೆ ಅದೇ ಚೆಂದ ಕಾಣ್ತಿತ್ತು."

ಆ ಆಸೆಗೆ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕಡಲೆಕಾಳಿನಷ್ಟೇ ಇಟ್ಟುಕೊಂಡರು. ಹತ್ತು ವರ್ಷ ಚಿಕ್ಕವರಾದರು. ಮಾವನವರು ಮಂಡಿಯ ಕೆಲಸ ಮುಗಿಸಿ ಸಂಜೆಯ ಬಸ್ಸಿಗೆ ಬರುವುದೆಂದೂ, ಅತ್ತೆ ಸೊಸೆ ಬೆಳಗಿನ ಬಸ್ಸಿಗೆ ಹೋಗುವುದೆಂದೂ ಗೊತ್ತಾಗಿತ್ತು. ಹೊಳಲ್ಕೆರೆ, ಹೊಸದುರ್ಗ ದಾಟಿ ಬಾಗೂರು ಮುಟ್ಟುವವರೆಗೆ ನಾನು ಕಿಟಕಿಯಾಚೆ ನೋಡಲಿಲ್ಲ. ಅತ್ತೆಯ ಹಣೆಯನ್ನೇ ನೋಡುತ್ತಿದ್ದೆ. ಸೆಕೆ, ಧೂಳು, ಪಕ್ಕದವರ ಕೋಳಿಬುಟ್ಟಿ ಏನಿದ್ದರೂ ತಾಳ್ಯದ ಮಣ್ಣು ಒಂದಿಷ್ಟೂ ಕದಲಲಿಲ್ಲ. ಬಸ್ಸಿಳಿದಾಗ ನನ್ನ ಹೆಮ್ಮೆ ನನ್ನ ಟ್ರಂಕಿಗಿಂತ ಭಾರವಾಗಿತ್ತು.

ಮದುವೆಮನೆಯ ಚಪ್ಪರದಲ್ಲಿ ಮೊದಲು ಎದುರಾದವರು ಅತ್ತೆಯ ದೊಡ್ಡಮ್ಮ, ತಾಳ್ಯದ ನಿಂಗಜ್ಜಿ. ಎಲೆಅಡಿಕೆ ಕುಟ್ಟುತ್ತಿದ್ದವರು ತಲೆಯೆತ್ತಿ ನೋಡಿದರು. ಕುಟ್ಟುವ ಕೈ ನಿಂತಿತು.

"ಯಾಕೆ ಪಾರ್ವತಿ, ಹಣೆ ಬರಿದೋ ಬರಿದು ಕಾಣ್ತೈತೆ? ಯಜಮಾನ್ರು ಎಲ್ಲಿ?"

"ಆಮ್ಯಾಲೆ ಬರ್ತಾರೆ ದೊಡ್ಡವ್ವ, ಕೆಲಸ ಐತೆ."

"ಆರಾಮವ್ರಾ?"

"ಆರಾಮವ್ರೆ."

ನಿಂಗಜ್ಜಿ ನಂಬಲಿಲ್ಲ. ಹಣೆ ತುಂಬ ಕುಂಕುಮವಿಡುವ ಪಾರ್ವತಿ ಕಾಣಿಸಿಯೂ ಕಾಣದಂಥ ಬೊಟ್ಟಿಟ್ಟುಕೊಂಡು, ಗಂಡನಿಲ್ಲದೆ, ಸೊಸೆಯ ಕೈ ಹಿಡಿದುಕೊಂಡು ಬಂದಿದ್ದಾಳೆ. ಸೊಸೆಯೋ ಗಳಿಗೆಗೊಮ್ಮೆ ಅತ್ತೆಯ ಮುಖವನ್ನೇ ಆತಂಕದಿಂದ ನೋಡುತ್ತಿದ್ದಾಳೆ. (ನಾನು ನೋಡುತ್ತಿದ್ದದ್ದು ಅಂಚು ಕರಗಿದೆಯೇ ಎಂದು!) ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮಾವನವರಿಗೆ ಎದೆನೋವು ಬಂದಿತ್ತು. ಎಲೆ ಎತ್ತುವ ಹೊತ್ತಿಗೆ ದಾವಣಗೆರೆಯ ಆಸ್ಪತ್ರೆಗೆ ಸೇರಿದ್ದರು. ಇವೆಲ್ಲ ನನಗೆ ಗೊತ್ತಾದದ್ದು ಹಿತ್ತಿಲಿನಲ್ಲಿ, ಇಬ್ಬರು ಹೆಂಗಸರು ಕೊಡ ತೊಳೆಯುತ್ತ ಆಡಿದ ಮಾತಿನಿಂದ.

"ಪಾಪ, ಮದ್ವೆಮನೆ ಅಂತ ನುಂಗ್ಕಂಡು ಬಂದೌಳೆ ಕಣೆ."

"ಅದ್ಸರಿ, ಇಂಥ ಹೊತ್ತಿನಾಗೆ ಆಯಮ್ಮನ ಕೈಗೆ ಮೊದ್ಲ ಒನಕೆ ಕೊಡದಾ? ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ?"

ಯಾವ ಒನಕೆ ತಪ್ಪಬಾರದೆಂದು ಇಷ್ಟೆಲ್ಲ ಮಾಡಿದೆನೋ, ಅದು ನನ್ನ ಕೈಚಳಕದಿಂದಲೇ ತಪ್ಪುವುದರಲ್ಲಿತ್ತು. ಮಚ್ಚೆಯನ್ನು ಹಚ್ಚಿ ಮುಚ್ಚಿದ್ದೆ. ಇಲ್ಲದ ಕುಂಕುಮವನ್ನು ಯಾವುದರಿಂದ ಮುಚ್ಚಲಿ? ಈಗ ಅವಸರದಲ್ಲಿ ದೊಡ್ಡದಾಗಿ ಇಟ್ಟರೆ ಅನುಮಾನ ಇನ್ನಷ್ಟು ಬಲಿಯುತ್ತಿತ್ತು. ಒಳಗೆ ಹೋಗಿ ನೋಡಿದರೆ ಅತ್ತೆಗೂ ಆ ಮಾತು ತಲುಪಿತ್ತು. ಅಕ್ಕಿ ಆರಿಸುವ ನೆಪದಲ್ಲಿ ಮೊರದ ಮೇಲೆ ಬಗ್ಗಿ ಕೂತಿದ್ದರು. ಪಕ್ಕದಲ್ಲಿದ್ದ ಮುತ್ತೈದೆಯರು ಒಬ್ಬೊಬ್ಬರಾಗಿ ಬೇರೆ ಕೆಲಸ ನೆನಪಾಗಿ ಎದ್ದುಹೋಗಿದ್ದರು. ಆರಿಸಿದ ಅಕ್ಕಿಯನ್ನೇ ಅತ್ತೆ ಮತ್ತೆ ಆರಿಸುತ್ತಿದ್ದರು.

ಸಂಜೆಯ ಬಸ್ಸು ಬಂತು. ಮಾವನವರು ಕೈಚೀಲ ಹಿಡಿದು, ಟೋಪಿಯ ಧೂಳು ಕೊಡವುತ್ತ ಚಪ್ಪರದೊಳಕ್ಕೆ ಕಾಲಿಟ್ಟರೋ ಇಲ್ಲವೋ, ನಿಂಗಜ್ಜಿ ಎದ್ದುಹೋಗಿ ಅವರ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟರು.

"ಯಾವಾಗ ಬಿಟ್ರಪ್ಪ ಆಸ್ಪತ್ರೆಯಿಂದ? ಹಿಂಗೆ ಎದ್ದು ಓಡಾಡ್ಬೌದಾ?"

"ಯಾವ ಆಸ್ಪತ್ರೆ ಅಜ್ಜಿ? ನಾನು ಶೇಂಗಾ ತೂಕ ಹಾಕ್ಸಿ ಬರ್ತಾ ಇದ್ದೀನಿ."

"ಮತ್ತೆ ನಿನ್ನ ಹೆಂಡ್ತಿ ಹಣೆ ಹಿಂಗೈತೆ?"

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಮಾವನವರೂ ನೋಡಿದರು. ಹೆಂಡತಿಯ ಮುಖ ನೋಡಿ ಎಷ್ಟು ವರ್ಷವಾಯಿತೋ ಎಂದು ಅತ್ತೆ ಹೇಳಿದ್ದ ಆ ಮನುಷ್ಯ, ಒಂದು ಕ್ಷಣ ಆ ಕಡಲೆಕಾಳಿನ ಬೊಟ್ಟನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ನಗು ಬಂದದ್ದನ್ನು ಕೆಮ್ಮಿ ಮರೆಸಿದರು. ಅಂಗಿಯ ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದರು. ಹಾಲುರಾಮೇಶ್ವರದ್ದು. ದಪ್ಪನೆಯದು.

"ತಗಳ್ಳವ್ವ ಶಾರದಮ್ಮ" ಎಂದು ಚಿಕ್ಕತ್ತೆಯ ಕೈಗೆ ಕೊಟ್ಟರು. "ನಿಮ್ಮಕ್ಕ ಬಸ್ಸು ಹೊರಡ್ತೈತೆ ಅಂತ ಅವಸರದಾಗೆ ಸಣ್ಣಕ ಇಟ್ಕಂಡು ಬಂದೌಳೆ. ಅವಳಿಗೆ ಒಪ್ಪೋ ಹಂಗೆ ನೀನೇ ಇಡು."

ಚಿಕ್ಕತ್ತೆ ಅಕ್ಕನನ್ನು ಕೋಣೆಗೆ ಕರೆದೊಯ್ದರು. ನಾನೂ ಹಿಂದೆಯೇ ಓಡಿದೆ. ತಡೆಯುವ ಮೊದಲೇ ಅವರು ಒದ್ದೆ ಸೆರಗಿನಿಂದ ಹಣೆಯನ್ನು ಒರೆಸಿಬಿಟ್ಟಿದ್ದರು. ನನ್ನ ತೆಳ್ಳನೆಯ ಪದರಗಳು, ಕರಗಿದ ಅಂಚು, ತಾಳ್ಯದ ಮಣ್ಣು ಎಲ್ಲ ಒಂದೇ ಒರೆಸಿಗೆ ಹೋದವು. ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು.

ಚಿಕ್ಕತ್ತೆ ಮೇಣದ ಭರಣಿಗೆ ಬೆರಳದ್ದಿ, ಏನೂ ಆಗದವರಂತೆ ಕುಂಕುಮ ಒತ್ತತೊಡಗಿದರು. "ಕಣ್ಣು ಬಿಡಕ್ಕ. ಹಿಂದ್ಲ ಯುಗಾದಿಗೆ ಬಂದಾಗ ನಿನ್ನ ತಲೆಗೆ ಎಣ್ಣೆ ಒತ್ತಿದ್ನಲ್ಲ, ನೀನು ಹಂಗೇ ನಿದ್ದೆ ಹೋಗಿದ್ದೆ. ಎಣ್ಣೆಗೆ ಕುಂಕುಮ ಜಾರಿತ್ತು, ಆಗ್ಲೇ ಕಂಡಿದ್ದೆ."

"ಮತ್ತೆ ಒಂದು ಮಾತು ಹೇಳ್ಲಿಲ್ಲ?"

"ನೀನೂ ಹೇಳ್ಲಿಲ್ವಲ್ಲ. ನಿಂಗೆ ಹೇಳಾಕೆ ಇಷ್ಟ ಇಲ್ಲ ಅಂದ್ಮ್ಯಾಲೆ ನಾನ್ಯಾಕೆ ಕೇಳ್ಲಿ? ಭಾವಂಗೂ ಗೊತ್ತು."

"ಅವರಿಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಪ್ರತಿ ಸರ್ತಿ ಅಷ್ಟು ದಪ್ಪ ಪೊಟ್ಟಣ ಗಂಡಸ್ರು ಸುಮ್ಮಸುಮ್ಮನೆ ತರ್ತಾರಾ ಅಕ್ಕ?"

ನನಗೆ ಒಳಕೋಣೆಯ ಮಬ್ಬು ಗೋಡೆಯ ಕನ್ನಡಿ ನೆನಪಾಯಿತು.

ಕುಂಕುಮ ಎಷ್ಟು ದೊಡ್ಡದಾಗಿಟ್ಟರೂ ಸುತ್ತ ಒಂದು ಬಿಳಿ ಅಂಚು ಉಳಿಯಿತು. ಚಿಕ್ಕತ್ತೆ ಅದನ್ನು ನೋಡಿ, ತಲೆ ಓರೆ ಮಾಡಿ, "ಇರ್ಲಿ ಬಾ, ಹೋಗಾಣ" ಎಂದು ಕೈಹಿಡಿದು ಎಬ್ಬಿಸಿದರು. ಒರಳಿನ ಮುಂದೆ ಐವರು ಮುತ್ತೈದೆಯರನ್ನು ಕೂರಿಸುವ ಮೊದಲು ಒಬ್ಬರಿಗೊಬ್ಬರು ಮುಖಕ್ಕೆ ಅರಿಶಿನ ಹಚ್ಚುವುದು ನಮ್ಮ ಕಡೆಯ ರೂಢಿ. ಅಕ್ಕನ ಕೆನ್ನೆ, ಹಣೆ, ಗದ್ದಕ್ಕೆಲ್ಲ ಚಿಕ್ಕತ್ತೆಯೇ ಹಚ್ಚಿದರು. ಕರಿಯ ಮುಖ, ಕೆಂಪು ಮುಖ, ಕಲೆಯಿದ್ದದ್ದು, ಇಲ್ಲದ್ದು ಎಲ್ಲವೂ ಒಂದೇ ಹಳದಿಯಾದವು. ನಾನು ದಿನಗಟ್ಟಲೆ ಹುಡುಕಿದ್ದ, ಎಲ್ಲರ ಬಣ್ಣಕ್ಕೂ ಹೊಂದುವ ಬಣ್ಣ ಒರಳಿನ ಪಕ್ಕದಲ್ಲೇ ಬಟ್ಟಲಿನಲ್ಲಿ ಕೂತಿತ್ತು. ಮೊದಲ ಒನಕೆ ಅತ್ತೆಯ ಕೈಗೆ ಬಂತು. ಅವರು ಎತ್ತಿ ಹಾಕಿದ ಪೆಟ್ಟಿಗೆ ಚಪ್ಪರದಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಮೊಣಕಾಲುನೋವಿನವರ ಪೆಟ್ಟು ಅದು!

ಮರುದಿನ ಧಾರೆಯ ಹೊತ್ತಿಗೆ ಅರಿಶಿನ ತೊಳೆದುಹೋಗಿತ್ತು. ಕೆಂಪು ಕುಂಕುಮದ ಸುತ್ತ ಬಿಳಿ ಅಂಚು, ಸೀರೆಗೆ ಜರಿ ಹಾಕಿದ ಹಾಗೆ, ಎಲ್ಲರಿಗೂ ಕಾಣುತ್ತಿತ್ತು. ನಾನು ಕಡ್ಡಿ ಹಿಡಿದು ಹತ್ತಿರ ಹೋದೆ. ಅತ್ತೆ ಕೈ ಅಡ್ಡ ಹಿಡಿದು, "ಬ್ಯಾಡ ಬಿಡು, ಮತ್ತೆ ನಿಮ್ಮ ಮಾವನ್ನ ಆಸ್ಪತ್ರೆಗೆ ಸೇರಿಸ್ತಾರೆ" ಎಂದರು. ಒಬ್ಬಿಬ್ಬರು ಎರಡು ಸಲ ನೋಡಿದರು, ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಅತ್ತೆ ಅವಳಿಗೂ ತಾಂಬೂಲ ಕೊಟ್ಟು, "ಊಟ ಆತೇನವ್ವ?" ಎಂದು ಕೇಳಿ ಮುಂದೆ ಹೋದರು.

ಆ ಕಡ್ಡಿ ಈಗ ನನ್ನ ಪಾಲಿಗೆ ಬಂದಿದೆ. ಕಣ್ಣ ಕೆಳಗಿನ ಕಪ್ಪಿಗೆ ಅದು ಅಷ್ಟೇನೂ ಹೊಂದುವುದಿಲ್ಲ, ಆದರೂ ಕೊಟ್ಟ ದುಡ್ಡಿಗೆ ಗೌರವ ತೋರಬೇಕಲ್ಲ ಎಂದು ಆಗಾಗ ಹಚ್ಚಿಕೊಳ್ಳುತ್ತೇನೆ. ಅತ್ತೆ ಈಗ ಬಾಗಿಲು ಮುಂದೆ ಮಾಡದೆ, ಹಿತ್ತಿಲ ಬೆಳಕಿನಲ್ಲೇ ಕೂತು ಕುಂಕುಮ ಇಟ್ಟುಕೊಳ್ಳುತ್ತಾರೆ. ಕೆಲವು ದಿನ ದೊಡ್ಡದು, ಕೆಲವು ದಿನ ಕಡಲೆಕಾಳಿನಷ್ಟು. ಅದನ್ನು ನೋಡಿದ ಮೇಲೆ ಮಾವನವರು ಒಂದು ದಿನ ಮೊಳೆ ಸುತ್ತಿಗೆ ತಂದು ಕನ್ನಡಿಯನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಹೊಡೆದರು. ಬಿಸಿಲಿಗೆ ರಸ ಹೋಗುವುದಿಲ್ಲವೇ ಎಂದು ನಾನೂ ಕೇಳಲಿಲ್ಲ. ನನಗೂ ಈ ಮನೆಯ ರೀತಿ ಸ್ವಲ್ಪ ಹತ್ತಿದೆ.

ಅದಕ್ಕೇ ಈಚೆಗೆ ನಮ್ಮವರ ಪತ್ರಿಕೆಯ ಬಗ್ಗೆ ನನಗೊಂದು ಅನುಮಾನ. ರಾತ್ರಿ ಮಗುವಿಗೆ ಜ್ವರವೆಂದು ನಿದ್ದೆಗೆಟ್ಟು, ಬೆಳಿಗ್ಗೆ ಕಣ್ಣ ಕೆಳಗೆ ಧಾರಾಳವಾಗಿ ಬಣ್ಣ ಬಳಿದುಕೊಂಡು ಕಾಫಿ ತಂದ ದಿನ, ಅವರು ಪತ್ರಿಕೆಯನ್ನು ಎಂದಿಗಿಂತ ತುಸು ಎತ್ತರಕ್ಕೆ ಹಿಡಿದಿರುತ್ತಾರೆ. ಕೈ ಬರುತ್ತದೆ, ಲೋಟ ಹೋಗುತ್ತದೆ. ಅಂಥ ದಿನ ಮಾತ್ರ ನಾನು ಸಕ್ಕರೆಯನ್ನೇ ಮರೆತಿದ್ದರೂ, ಕಮ್ಮಿ ಐತೆ ಎನ್ನುವುದಿಲ್ಲ.